ಕಾಡಿನ ಲಿಲ್ಲಿ, ಐರಿಸ್‌ಗಳನ್ನು ಗುರುತಿಸುವ ಬಗೆ

ಮುಂಗಾರು ಕಾಲಿಟ್ಟ ಹದಿನೈದು ದಿನಗಳಲ್ಲಿ ಸಹ್ಯಾದ್ರಿಯ ಹುಲ್ಲುಗಾವಲು, ಕರಾವಳಿಯ ಮುರಕಲ್ಲಿನ ಪದವು, ಬಯಲುಸೀಮೆಯ ಕುರುಚಲು ಕಾಡು ಎಲ್ಲೆಡೆಯೂ ನೆಲದಡಿ ಮಲಗಿದ್ದ ಗೆಡ್ಡೆಗಳು ಎಚ್ಚೆತ್ತು ಹೂ ಬಿಡಲಾರಂಭಿಸುತ್ತವೆ. ಚಾರಣಕ್ಕೆ ತೆರಳಿದವರು ಮೊಬೈಲ್ ಫೋನಿನಲ್ಲಿ ಅವುಗಳ ಚಿತ್ರ ತೆಗೆದು ‘ಕಾಡು ಲಿಲ್ಲಿ’ ಎಂದು ಹೆಸರಿಸುವುದು ಈಗ ಸಾಮಾನ್ಯ. ಆರು ಎಸಳಿನ ಯಾವುದೇ ಚೆಲುವಾದ ಹೂವಿಗೂ ಈ ಹೆಸರು ಸಲ್ಲುತ್ತಿದೆ. ಆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕೊಳದ ವಾಟರ್ ಲಿಲ್ಲಿ, ಎಂದರೆ ನೈದಿಲೆ, ಲಿಲ್ಲಿಯಲ್ಲ. ಕಚೇರಿಯ ಮೂಲೆಯಲ್ಲಿ ಕುಂಡದೊಳಗೆ ಬೆಳೆಯುವ ಪೀಸ್ ಲಿಲ್ಲಿ ಕೆಸುವಿನ ನೆಂಟ. ಮೊದಲ ಮಳೆಗೆ ಬೆಂಗಳೂರಿನ ಅಂಗಳಗಳಲ್ಲಿ ಗುಲಾಬಿ, ಬಿಳಿ ಬಣ್ಣದಲ್ಲಿ ಅರಳುವ ರೈನ್ ಲಿಲ್ಲಿ ಅಮೆರಿಕ ಖಂಡಗಳಿಂದ ಬಂದ ಬೇರೊಂದು ಕುಟುಂಬದ ಗಿಡ. ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಫುಟ್‌ಬಾಲ್ ಲಿಲ್ಲಿಯ ತವರು ಆಫ್ರಿಕ.

ಹೆಸರಿನ ಈ ಗೊಂದಲ ಕೇವಲ ಪಂಡಿತರ ತಕರಾರಾಗಿದ್ದರೆ ಅದನ್ನು ಅವರಿಗೇ ಬಿಟ್ಟುಬಿಡಬಹುದಿತ್ತು. ಆದರೆ ‘ಲಿಲ್ಲಿ’ ಎಂಬ ಈ ಒಂದೇ ಕೊಡೆಯಡಿ ಔಷಧಿಗೆಂದು ಅಗೆಯುವ ಗೆಡ್ಡೆಗಳೂ ಇವೆ, ಪ್ರಾಣ ತೆಗೆಯುವ ಗೆಡ್ಡೆಗಳೂ ಇವೆ. ಹೂ ಬಾಡಿದ ಮೇಲೆ ಇವುಗಳಲ್ಲಿ ಹಲವನ್ನು ಪ್ರತ್ಯೇಕಿಸುವುದು ಕಷ್ಟ. ಆದ್ದರಿಂದ ಹೂ ಅರಳಿರುವ ಕೆಲವೇ ವಾರಗಳಲ್ಲಿ ಗುರುತು ಕಂಡುಕೊಳ್ಳುವುದು ಮುಖ್ಯವಾಗುತ್ತದೆ.

ಬಣ್ಣವಲ್ಲ, ಎಣಿಕೆ ಮುಖ್ಯ

ಹೊಸಬರು ಮೊದಲು ಗಮನಿಸುವುದು ಬಣ್ಣವನ್ನು. ಇದು ದಾರಿ ತಪ್ಪಿಸುವ ಲಕ್ಷಣ. ಒಂದೇ ಗಿಡದ ಹೂ ಬೆಳಿಗ್ಗೆ ಒಂದು ಬಣ್ಣ, ಮೂರು ದಿನದ ಮೇಲೆ ಮತ್ತೊಂದು ಬಣ್ಣ ತಾಳುವುದುಂಟು. ನಂಬಬಹುದಾದ ಲಕ್ಷಣಗಳು ಮೂರು: ಕೇಸರಗಳು ಎಷ್ಟು, ಅಂಡಾಶಯ ಎಸಳುಗಳ ಬುಡಕ್ಕಿಂತ ಮೇಲಿದೆಯೇ ಕೆಳಗಿದೆಯೇ, ಮತ್ತು ನೆಲದಡಿ ಇರುವುದು ಎಂಥ ಗೆಡ್ಡೆ. ಮೂರನೆಯದನ್ನು ತಿಳಿಯಲು ಅಗೆಯಬೇಕಾಗುವುದರಿಂದ ಮೊದಲಿನ ಎರಡರಲ್ಲೇ ಕೆಲಸ ಮುಗಿಸುವುದು ಲೇಸು. ಬಹುಪಾಲು ಸಂದರ್ಭಗಳಲ್ಲಿ ಅಷ್ಟು ಸಾಕು.

ಕೇಸರಗಳೆಂದರೆ ತುದಿಯಲ್ಲಿ ಪರಾಗದ ಚೀಲ ಹೊತ್ತ ಎಳೆಗಳು. ಇವನ್ನು ಎಣಿಸಿ ಗಿಡಗಳನ್ನು ವಿಂಗಡಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1753ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಲಿಲ್ಲಿ ಆರು ಕೇಸರಗಳ ವರ್ಗದಲ್ಲಿಯೂ ಐರಿಸ್ ಮೂರು ಕೇಸರಗಳ ವರ್ಗದಲ್ಲಿಯೂ ಇವೆ. ಆ ವರ್ಗೀಕರಣವನ್ನು ವಿಜ್ಞಾನ ಕೈಬಿಟ್ಟು ಬಹಳ ಕಾಲವಾಯಿತು. ಆದರೂ ಬೆಟ್ಟದ ಮೇಲೆ ನಿಂತವನಿಗೆ ಆರು ಮತ್ತು ಮೂರರ ಈ ಭೇದ ಇಂದಿಗೂ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಂಡಾಶಯವೆಂದರೆ ಮುಂದೆ ಕಾಯಿಯಾಗುವ ಹಸಿರು ಗುಬುಟು. ಹೂವಿನ ಒಳಗೆ ಇಣುಕಿದಾಗ ಎಸಳುಗಳ ನಡುವೆಯೇ ಅದು ಕುಳಿತಿದ್ದರೆ ಮೇಲಿನ ಅಂಡಾಶಯ. ಒಳಗೆ ಕಾಣಿಸದೆ, ಹೂವನ್ನು ಓರೆಯಾಗಿಸಿ ನೋಡಿದಾಗ ಎಸಳುಗಳ ಕೆಳಗೆ ತೊಟ್ಟಿನ ತುದಿಯಲ್ಲಿ ಉಬ್ಬಿಕೊಂಡಿದ್ದರೆ ಕೆಳಗಿನ ಅಂಡಾಶಯ. ಆರು ಕೇಸರ, ಮೇಲಿನ ಅಂಡಾಶಯವಿದ್ದರೆ ಲಿಲ್ಲಿ ಮತ್ತು ಅದರ ಹಳೆಯ ಬಳಗ. ಆರು ಕೇಸರ, ಕೆಳಗಿನ ಅಂಡಾಶಯವಿದ್ದರೆ ಬಹುತೇಕ ಅಮರಿಲ್ಲಿಸ್ ಬಳಗ. ಮೂರು ಕೇಸರ, ಕೆಳಗಿನ ಅಂಡಾಶಯವಿದ್ದರೆ ಐರಿಸ್ ಬಳಗ. ಕೇಸರಗಳು ಬಿಡಿಯಾಗಿ ಕಾಣದೆ ನಡುವೆ ಒಂದೇ ಗಟ್ಟಿ ಕಂಬವಿದ್ದರೆ ಅದು ನೆಲದ ಆರ್ಕಿಡ್; ಲಿಲ್ಲಿಯ ಮಾತೇ ಇಲ್ಲ. ಒಂದೇ ಒಂದು ಕೇಸರವಿದ್ದರೆ ಶುಂಠಿ, ಅರಿಶಿನಗಳ ಕಡೆಯದು.

ಇಲ್ಲಿ ಹಳೆಯ ಪುಸ್ತಕಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಗ್ಯಾಂಬಲ್‌ನ ಮದರಾಸು ಪ್ರಾಂತ್ಯದ ಸಸ್ಯಸಂಪುಟಗಳಂಥ ಗ್ರಂಥಗಳಲ್ಲಿ ಅಗ್ನಿಶಿಖೆ, ಶತಾವರಿ, ಕಾಡು ಈರುಳ್ಳಿ ಎಲ್ಲವೂ ಒಂದೇ ಲಿಲ್ಲಿ ಕುಟುಂಬದಲ್ಲಿವೆ. 1998ರಿಂದೀಚೆಗೆ ವಂಶವಾಹಿ ಆಧಾರಿತ ವರ್ಗೀಕರಣ ಬಂದ ಮೇಲೆ ಆ ಅವಿಭಕ್ತ ಕುಟುಂಬ ಪಾಲಾಗಿ ಹತ್ತಾರು ಮನೆಗಳಾಗಿದೆ. ಹಳೆಯ ಪುಸ್ತಕದ ವಿವರಣೆ ಈಗಲೂ ಸರಿ. ಕುಟುಂಬದ ಹೆಸರು ಮಾತ್ರ ಬದಲಾಗಿರುತ್ತದೆ.

ಅಗ್ನಿಶಿಖೆ: ಚೆಲುವಿನಷ್ಟೇ ವಿಷ

ಕರ್ನಾಟಕದಲ್ಲಿ ಗುರುತಿಸಲು ಅತಿ ಸುಲಭವಾದ, ಗುರುತಿಸದಿದ್ದರೆ ಅತಿ ಅಪಾಯಕಾರಿಯಾದ ಗಿಡ ಅಗ್ನಿಶಿಖೆ. ಸಸ್ಯಶಾಸ್ತ್ರೀಯ ಹೆಸರು ಗ್ಲೋರಿಯೋಸಾ ಸುಪರ್ಬಾ. ಗೌರಿ ಹಬ್ಬದ ಆಸುಪಾಸಿನಲ್ಲಿ ಬೇಲಿಗಳ ಮೇಲೆ ಅರಳುವ ಇದಕ್ಕೆ ಗೌರಿ ಹೂ ಎಂಬ ಹೆಸರೂ ಇದೆ. ತಮಿಳುನಾಡು ಇದನ್ನು ತನ್ನ ರಾಜ್ಯಪುಷ್ಪವಾಗಿಸಿಕೊಂಡಿದೆ. ಆಫ್ರಿಕದ ಜಿಂಬಾಬ್ವೆಗೆ ಇದು ರಾಷ್ಟ್ರಪುಷ್ಪ.

ಹೂ ಇಲ್ಲದಾಗಲೂ ಇದನ್ನು ಪತ್ತೆ ಮಾಡಬಹುದು. ಇದು ಬಳ್ಳಿ. ಆದರೆ ಇತರ ಬಳ್ಳಿಗಳಂತೆ ಕಾಂಡದಿಂದ ಬೇರೆ ಕುಡಿ ಹೊರಡಿಸಿ ಹಬ್ಬುವುದಿಲ್ಲ. ಎಲೆಯ ತುದಿಯೇ ನೀಳವಾಗಿ ಬೆಳೆದು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡು ಪಕ್ಕದ ಪೊದೆಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಬೇಲಿಸಾಲಿನ ಬಳ್ಳಿಗಳಲ್ಲಿ ಈ ಲಕ್ಷಣ ಕಂಡರೆ ಅಗ್ನಿಶಿಖೆಯೆಂದೇ ತಿಳಿದು ಕೈ ಹಿಂದೆ ತೆಗೆಯುವುದು ಕ್ಷೇಮ.

ಹೂವಿನ ರಚನೆ ವಿಚಿತ್ರವಾದುದು. ಮೊಗ್ಗು ತಲೆಕೆಳಗಾಗಿ ತೂಗುತ್ತದೆ. ಅರಳುತ್ತಿದ್ದಂತೆ ಆರೂ ಎಸಳುಗಳು ಹಿಂದಕ್ಕೆ ಬಾಗಿ, ಅಂಚು ನೆರಿಗೆಗಟ್ಟಿ, ಬೆಂಕಿಯ ನಾಲಗೆಗಳಂತೆ ಮೇಲಕ್ಕೆ ಚಾಚುತ್ತವೆ. ಮೊದಲು ಹಸಿರು ಮಿಶ್ರಿತ ಹಳದಿ, ಆಮೇಲೆ ಬುಡ ಹಳದಿ ತುದಿ ಕೆಂಪು, ಕೊನೆಗೆ ಪೂರ್ಣ ಕೆಂಪು. ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂ ಕಂಡು ಮೂರು ಜಾತಿಯೆಂದು ಬರೆದುಕೊಂಡವರಿದ್ದಾರೆ! ಆರು ಕೇಸರಗಳು ಚಕ್ರದ ಅರಗಳಂತೆ ಸುತ್ತಲೂ ಹರಡಿರುತ್ತವೆ. ಎಸಳುಗಳು ಮೇಲಕ್ಕೆ ಮಡಿಚಿಕೊಂಡಿರುವುದರಿಂದ ಹಸಿರು ಅಂಡಾಶಯ ಬಯಲಿನಲ್ಲೇ ತೂಗುತ್ತಿರುತ್ತದೆ. ಅದರ ತುದಿಯಿಂದ ಹೊರಟ ಶಲಾಕೆ ನೇರ ಹೋಗದೆ ಬುಡದಲ್ಲೇ ಲಂಬಕೋನದಲ್ಲಿ ಪಕ್ಕಕ್ಕೆ ತಿರುಗಿರುವುದು ಈ ಹೂವಿನ ಖಚಿತ ಮುದ್ರೆ.

ನೆಲದಡಿಯ ಗೆಡ್ಡೆ ಎರಡು ಕವಲಾಗಿ ನೇಗಿಲಿನ ಆಕಾರದಲ್ಲಿರುತ್ತದೆ. ಸಂಸ್ಕೃತದ ‘ಲಾಂಗಲೀ’ ಎಂಬ ಹೆಸರು ಬಂದದ್ದು ಇದರಿಂದಲೇ, ಲಾಂಗಲವೆಂದರೆ ನೇಗಿಲು. ಗಿಡದ ಎಲ್ಲ ಭಾಗಗಳಲ್ಲಿಯೂ ಕಾಲ್ಚಿಸಿನ್ ಎಂಬ ವಿಷವಿದೆ. ಗೆಡ್ಡೆ, ಬೀಜಗಳಲ್ಲಿ ಅದು ಅಪಾಯಕಾರಿ ಪ್ರಮಾಣದಲ್ಲಿರುತ್ತದೆ. ಜೀವಕೋಶಗಳು ವಿಭಜನೆಗೊಳ್ಳುವುದನ್ನೇ ಈ ವಸ್ತು ತಡೆಯುತ್ತದೆ. ತಳಿ ವಿಜ್ಞಾನಿಗಳು ಸಸ್ಯಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಲು ಬಳಸುವುದೂ, ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಗೌಟ್ ಎಂಬ ಸಂಧಿವಾತಕ್ಕೆ ಕೊಡುವುದೂ ಇದನ್ನೇ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಅಗ್ನಿಶಿಖೆಯನ್ನು ಹೊಲದಲ್ಲಿ ಬೆಳೆಯುತ್ತಾರೆ.

ಅಪಾಯ ಒದಗುವುದು ಹೂವಿನ ಕಾಲದಲ್ಲಲ್ಲ. ಮಳೆಗಾಲ ಮುಗಿದು ಬಳ್ಳಿ ಒಣಗಿಹೋದ ಮೇಲೆ ನೆಲದಲ್ಲಿ ಗೆಡ್ಡೆಯೊಂದೇ ಉಳಿದಿರುತ್ತದೆ. ಆಗ ಅದನ್ನು ಅಗೆದವರಿಗೆ ಅದು ಗೆಣಸಿನಂತೆಯೋ ಕಾಡುಗೆಣಸಿನಂತೆಯೋ ತೋರಬಹುದು. ಗೆಣಸೆಂದು ತಿಂದು ವಿಷವೇರಿದ ಪ್ರಕರಣಗಳು ಶ್ರೀಲಂಕಾದ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಬೇಯಿಸಿದ ಮಾತ್ರಕ್ಕೆ ವಿಷ ಹೋಯಿತೆಂದು ನಂಬುವಂತಿಲ್ಲ. ತಿಂದ ಕೂಡಲೇ ಏನೂ ಆಗದಿರುವುದು ಈ ವಿಷದ ಮೋಸ. ಕೆಲವು ಗಂಟೆಗಳ ನಂತರ ವಾಂತಿ, ಭೇದಿ, ಹೊಟ್ಟೆನೋವು ಕಾಣಿಸಿಕೊಳ್ಳುತ್ತವೆ. ಅದು ತಗ್ಗಿದಂತೆ ತೋರಿ, ಮುಂದಿನ ದಿನಗಳಲ್ಲಿ ಮೂಳೆಮಜ್ಜೆ, ಮೂತ್ರಪಿಂಡ, ಹೃದಯಗಳಿಗೆ ಪೆಟ್ಟು ಬೀಳಬಹುದು. ಬದುಕುಳಿದವರಲ್ಲಿ ವಾರ, ಎರಡು ವಾರಗಳ ಬಳಿಕ ತಲೆಗೂದಲು ಉದುರುವುದುಂಟು. ಆದ್ದರಿಂದ ವಾಂತಿ ನಿಂತಿತೆಂದು ಆಸ್ಪತ್ರೆಯಿಂದ ಮನೆಗೆ ಹೊರಡುವುದು ಸರಿಯಲ್ಲ. ಹೋಗುವಾಗ ತಿಂದ ಗೆಡ್ಡೆಯ ಉಳಿದ ತುಂಡನ್ನೋ ಬಳ್ಳಿಯ ಎಲೆಯನ್ನೋ ಜತೆಗೆ ಒಯ್ದರೆ ವೈದ್ಯರ ಕೆಲಸ ಹಗುರಾಗುತ್ತದೆ.

ಈರುಳ್ಳಿಯಲ್ಲದ ಈರುಳ್ಳಿ, ಎರಡು ಮುಸ್ಲಿಗಳು

ಎರಡನೆಯ ಎಚ್ಚರಿಕೆ ಕಾಡು ಈರುಳ್ಳಿಯದು. ಮರಳು ಮಿಶ್ರಿತ ಒಣನೆಲದಲ್ಲಿ ಬೆಳೆಯುವ ಡ್ರಿಮಿಯಾ ಇಂಡಿಕಾದ ಗೆಡ್ಡೆ ನೋಡಲು ಥೇಟ್ ಈರುಳ್ಳಿಯೇ. ಅದರಲ್ಲಿರುವುದು ಹೃದಯದ ಬಡಿತವನ್ನು ಏರುಪೇರು ಮಾಡುವ ಗ್ಲೈಕೊಸೈಡ್‌ಗಳು. ಬೇಸಗೆಯಲ್ಲಿ ಎಲೆಯೊಂದೂ ಇಲ್ಲದೆ ಬರಿಯ ಉದ್ದನೆಯ ಕಡ್ಡಿಯೊಂದು ನೆಲದಿಂದೆದ್ದು, ಅದರ ಉದ್ದಕ್ಕೂ ತೆಳು ತೊಟ್ಟುಗಳಲ್ಲಿ ಮಂಕು ಕಂದುಬಿಳಿ ಬಣ್ಣದ ಸಣ್ಣ ಹೂಗಳು ತೂಗುತ್ತವೆ. ಎಲೆ ಬರುವುದು ಆಮೇಲೆ, ಮಳೆಯೊಡನೆ. ನಿಜವಾದ ಈರುಳ್ಳಿ ಬಳಗದಲ್ಲಿ ಹೂಗಳು ಕಡ್ಡಿಯ ತುದಿಯಲ್ಲಿ ಒಂದೇ ಉಂಡೆಯಾಗಿ ಕೂಡಿರುತ್ತವೆ. ಇನ್ನೂ ಸುಲಭದ ಪರೀಕ್ಷೆ ವಾಸನೆಯದು. ಎಲೆ ಹೊಸಕಿದರೆ ಈರುಳ್ಳಿ, ಬೆಳ್ಳುಳ್ಳಿಯ ಘಾಟು ಬಾರದ ಯಾವ ‘ಈರುಳ್ಳಿ’ಯೂ ಈರುಳ್ಳಿಯಲ್ಲ. ಕಾಡು ಈರುಳ್ಳಿಯ ರಸ ಚರ್ಮಕ್ಕೆ ತಾಗಿದರೆ ತುರಿಕೆಯಾಗಬಹುದಾದ್ದರಿಂದ ಈ ಪರೀಕ್ಷೆಯನ್ನೂ ಎಲೆಯ ತುಣುಕಿಗೆ ಸೀಮಿತಗೊಳಿಸುವುದು ಒಳಿತು. ಈರುಳ್ಳಿಯೇ ವರ್ಗೀಕರಣದಲ್ಲಿ ಒಂದು ಅಪವಾದ: ಅಂಡಾಶಯ ಮೇಲಿದ್ದರೂ ಇಂದಿನ ಲೆಕ್ಕದಲ್ಲಿ ಅದು ಅಮರಿಲ್ಲಿಸ್ ಕುಟುಂಬಕ್ಕೆ ಸೇರಿದೆ.

ಔಷಧಿ ಮಾರುಕಟ್ಟೆಯಲ್ಲಿ ಬಿಳಿ ಮುಸ್ಲಿ, ಕರಿ ಮುಸ್ಲಿ ಎಂದು ಜತೆಯಾಗಿ ಹೆಸರು ಕೇಳಿಬರುವ ಎರಡು ಗಿಡಗಳು ಹೂ ನೋಡಿದೊಡನೆ ಬೇರೆ ಬೇರೆ ಎಂದು ತಿಳಿಯುತ್ತದೆ. ಬಿಳಿ ಮುಸ್ಲಿಯು ಕ್ಲೋರೊಫೈಟಮ್ ಕುಲದ್ದು. ಜೂನ್, ಜುಲೈನಲ್ಲಿ ಹುಲ್ಲಿನ ನಡುವೆ ಬಿಳಿ ನಕ್ಷತ್ರಗಳಂಥ ಹೂಗಳ ಕಡ್ಡಿ ಏಳುತ್ತದೆ. ಕೇಸರಗಳು ಆರು, ಅಂಡಾಶಯ ಮೇಲೆ, ನೆಲದಡಿ ಬೆರಳುಗಳಂಥ ಬೇರುಗಳ ಗೊಂಚಲು. ಇದರ ಒಂದು ಪ್ರಭೇದಕ್ಕೆ ಮುಂಬಯಿಯ ಬೊರಿವಲಿಯ ಹೆಸರೇ ಇದೆ. ಬೇರಿಗಾಗಿ ನಡೆದ ಅತಿಯಾದ ಅಗೆತದಿಂದ ಕಾಡಿನಲ್ಲಿ ಅದು ವಿರಳವಾಗಿದೆ.

ಕರಿ ಮುಸ್ಲಿಯೆಂದರೆ ನಮ್ಮ ನೆಲತಾಳೆ. ಎಲೆ ತಾಳೆಯ ಸಸಿಯಂತೆ ನೆರಿಗೆ ನೆರಿಗೆಯಾಗಿರುತ್ತದೆ. ನೆಲಕ್ಕಂಟಿದಂತೆ ಹಳದಿ ನಕ್ಷತ್ರವೊಂದು ಅರಳುತ್ತದೆ. ಇದರ ಅಂಡಾಶಯವನ್ನು ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಅದಿರುವುದು ಎಲೆಬುಡಗಳ ನಡುವೆ, ಹೆಚ್ಚುಕಡಿಮೆ ಮಣ್ಣಿನೊಳಗೆ. ಹೂವಿನ ತೊಟ್ಟೆಂದು ತೋರುವುದು ವಾಸ್ತವದಲ್ಲಿ ಅಂಡಾಶಯದಿಂದ ಮೇಲಕ್ಕೆ ಬೆಳೆದ ನೀಳ ಕೊರಳು. ಕಾಯಿಯೂ ಮಣ್ಣಿನ ಮಟ್ಟದಲ್ಲೇ ಬಲಿಯುತ್ತದೆ.

ಹೊಳೆಬದಿಯ ಬಿಳಿ ಹೂಗಳು

ಕರ್ನಾಟಕದ ಕಾಡುಗಳಲ್ಲಿ ‘ಲಿಲ್ಲಿ’ ಎಂದು ಹೆಚ್ಚಾಗಿ ಕರೆಸಿಕೊಳ್ಳುವ ದೊಡ್ಡ ಬಿಳಿ ಹೂಗಳೆಲ್ಲ ಅಮರಿಲ್ಲಿಸ್ ಬಳಗದವು. ಲಿಲ್ಲಿಯಲ್ಲಿ ಎಲೆಗಳು ಕಾಂಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ. ಈ ಬಳಗದಲ್ಲಿ ಎಲೆಗಳೆಲ್ಲ ಬುಡದಲ್ಲೇ; ಹೂವಿನ ದಂಟು ಬೋಳು; ಅದರ ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಹೂಗಳು ಹೊರಡುತ್ತವೆ. ಕೆಳಗಿನ ಅಂಡಾಶಯವನ್ನು ನೋಡುವ ಮೊದಲೇ, ಹತ್ತು ಹೆಜ್ಜೆ ದೂರದಿಂದಲೇ ಈ ಭೇದ ಕಾಣುತ್ತದೆ.

ಹೊಳೆ, ಹಳ್ಳಗಳ ಅಂಚಿನ ಕೆಸರಿನಲ್ಲಿ ಬೆಳೆಯುವ ಕ್ರೈನಮ್ ವಿವಿಪ್ಯಾರಮ್‌ನ ಎಸಳುಗಳು ಕಿರಿದು, ಕೇಸರದ ಎಳೆಗಳು ಕೆಂಪು. ಇದರ ದಪ್ಪನೆಯ ಬೀಜಗಳಿಗೆ ಮೊಳೆಯಲು ಮಣ್ಣೇ ಬೇಕಿಲ್ಲ. ಕ್ರೈನಮ್ ಲ್ಯಾಟಿಫೋಲಿಯಮ್‌ನ ಹೂ ಅಗಲ ಬಾಯಿಯ ಕಹಳೆಯಂತಿದ್ದು ಬಿಳಿ ಎಸಳಿನ ನಡುವೆ ಗುಲಾಬಿ ಪಟ್ಟೆಯಿರುತ್ತದೆ. ಕಾಸರಗೋಡು ಜಿಲ್ಲೆಯ ಪೆರಿಯದ ಬಳಿ ಮಳೆಗಾಲದ ತೊರೆಯಲ್ಲಿ ನೀರೊಳಗೇ ಬೆಳೆಯುವ ಕ್ರೈನಮ್ ಒಂದು ಹೊಸ ಪ್ರಭೇದವೆಂದು 2012ರಲ್ಲಿ ಘೋಷಣೆಯಾಗಿ ಕ್ರೈನಮ್ ಮಲಬಾರಿಕಮ್ ಎಂಬ ಹೆಸರು ಪಡೆಯಿತು. ಇಷ್ಟು ದೊಡ್ಡ ಹೂವಿನ ಗಿಡವೂ ಅಷ್ಟು ಕಾಲ ಹೆಸರಿಲ್ಲದೆ ಉಳಿದಿತ್ತೆಂಬುದು ‘ಇದೂ ಒಂದು ಕಾಡು ಲಿಲ್ಲಿ’ ಎಂದು ಮುಂದೆ ನಡೆಯುವವರು ಗಮನಿಸಬೇಕಾದ ಸಂಗತಿ.

ಪ್ಯಾಂಕ್ರೇಷಿಯಮ್ ಎಂಬ ಪುಟ್ಟ ಗಿಡವನ್ನು ರಸ್ತೆ ವಿಭಜಕಗಳ ಸ್ಪೈಡರ್ ಲಿಲ್ಲಿಯೊಡನೆ ಗೊಂದಲ ಮಾಡಿಕೊಳ್ಳುವವರು ಬಹಳ. ಎರಡರಲ್ಲಿಯೂ ಕೇಸರಗಳ ಬುಡ ಕೂಡಿಕೊಂಡು ಬಿಳಿಯ ಬಟ್ಟಲೊಂದು ಏರ್ಪಟ್ಟಿರುತ್ತದೆ. ಸ್ಪೈಡರ್ ಲಿಲ್ಲಿ ಅಮೆರಿಕ ಮೂಲದ ತೋಟದ ಗಿಡ. ವರ್ಷವಿಡೀ ಹಸಿರಾಗಿ ದಟ್ಟ ಪೊದೆಗಟ್ಟಿರುತ್ತದೆ. ಪ್ಯಾಂಕ್ರೇಷಿಯಮ್ ಮೊದಲ ಮಳೆಗಳಿಗೆ ಬಂಡೆಯ ಮಗ್ಗುಲಲ್ಲಿ, ಪದವುಗಳ ತೆಳುಮಣ್ಣಿನಲ್ಲಿ ಎದ್ದು, ಹೂ ಬಿಟ್ಟು, ಬೇಸಗೆಯ ವೇಳೆಗೆ ಮತ್ತೆ ಮಣ್ಣಿನೊಳಗೆ ಅಡಗುತ್ತದೆ. ಈ ಬಳಗದ ಗೆಡ್ಡೆಗಳಲ್ಲಿ ಲೈಕೊರಿನ್ ಎಂಬ ವಾಂತಿಕಾರಕ ವಿಷವಿರುತ್ತದೆ. ಇವೂ ತಿನ್ನತಕ್ಕವಲ್ಲ.

ಹುಲ್ಲಿನೊಳಗೆ ಬಾಗಿ ನೋಡುವವರಿಗೆ ಮಾತ್ರ ಕಾಣುವ ಕಿರಿಯರೂ ಇದ್ದಾರೆ. ಕಡುನೇರಳೆ ಬಣ್ಣದ, ಆರು ಕಿರಿಯೆಸಳುಗಳ ಇಫಿಜೀನಿಯಾ ಅಗ್ನಿಶಿಖೆಯದೇ ಕುಟುಂಬದ್ದು. ಎಲೆಯ ಮೇಲೆ ನೇರಳೆ ಮಚ್ಚೆಗಳಿರುವ ಲೆಡೆಬೌರಿಯಾವನ್ನು ಹೂವಿಗಿಂತ ಎಲೆಯಿಂದ ಗುರುತಿಸುವುದೇ ಸುಲಭ.

ಐರಿಸ್ ಬೇಕಾದರೆ ಹಿಮಾಲಯ

ಸಹ್ಯಾದ್ರಿಯಲ್ಲಿ ಐರಿಸ್ ಕಂಡೆವೆಂಬ ಮಾತು ಆಗಾಗ ಕೇಳಿಬರುತ್ತದೆ. ಪಶ್ಚಿಮ ಘಟ್ಟಗಳಿಗೆ ಸ್ವಂತದ ಐರಿಸ್ ಇಲ್ಲ. ಕಂಡದ್ದು ನೀಲಿ, ನೇರಳೆಯ ಮುರ್ಡಾನಿಯಾ ಇರಬಹುದು. ಅದರ ಹೊರಗಿನ ಮೂರು ಎಸಳುಗಳು ಹಸಿರು, ಒಳಗಿನ ಮೂರು ಮಾತ್ರ ಬಣ್ಣದವು. ಅಥವಾ ತೋಟದಿಂದ ಬಂದ ನೆಂಟರಿರಬಹುದು. ಬೆಂಗಳೂರಿನ ಉದ್ಯಾನಗಳ ‘ವಾಕಿಂಗ್ ಐರಿಸ್’ ದಕ್ಷಿಣ ಅಮೆರಿಕದ್ದು. ಒಂದೇ ದಿನ ಅರಳಿ ಬಾಡುತ್ತದೆ. ಬಿಳಿ ಎಸಳಿನ ಮೇಲೆ ಹಳದಿ ಗುರುತಿರುವ ಡೈಟಿಸ್ ಆಫ್ರಿಕದ್ದು. ಕಿತ್ತಳೆ ಎಸಳಿನ ಮೇಲೆ ಚಿರತೆಯಂಥ ಚುಕ್ಕೆಗಳಿರುವ ಬೆಲಮ್ಕಾಂಡವನ್ನು ಮಾತ್ರ 2005ರಲ್ಲಿ ಐರಿಸ್ ಕುಲಕ್ಕೇ ಸೇರಿಸಲಾಯಿತು. ಈಗ ಅದರ ಹೆಸರು ಐರಿಸ್ ಡೊಮೆಸ್ಟಿಕಾ. ಅದೂ ಇಲ್ಲಿ ನೆಟ್ಟ ಗಿಡವೇ.

ಕಾಡಿನ ಐರಿಸ್ ನೋಡಬೇಕೆನ್ನುವ ಕನ್ನಡಿಗರಿಗೆ ಕಾಶ್ಮೀರ, ಹಿಮಾಚಲ, ಉತ್ತರಾಖಂಡ, ಸಿಕ್ಕಿಂಗಳ ಬೇಸಗೆ ಪ್ರವಾಸವೇ ಗತಿ. ಅಲ್ಲಿ ಕೇಸರ ಎಣಿಸಲು ಹೊರಟರೆ ಮೊದಲಿಗೆ ಒಂದೂ ಕಾಣುವುದಿಲ್ಲ. ಐರಿಸ್ ಹೂವಿನಲ್ಲಿ ಮೂರು ಎಸಳು ಕೆಳಕ್ಕೆ ಬಾಗಿರುತ್ತವೆ, ಮೂರು ಸಾಮಾನ್ಯವಾಗಿ ಮೇಲಕ್ಕೆ ನಿಂತಿರುತ್ತವೆ. ಇವಲ್ಲದೆ ಶಲಾಕೆಯೂ ಮೂರು ಕವಲಾಗಿ ಎಸಳುಗಳಂತೆಯೇ ಬಣ್ಣ ತಾಳಿ, ಬಾಗಿದ ಎಸಳುಗಳ ಮೇಲೆ ಮಾಡಿನಂತೆ ಚಾಚಿರುತ್ತದೆ. ಆ ಮಾಡನ್ನು ಬೆರಳಿನಿಂದ ಮೆಲ್ಲನೆ ಎತ್ತಿದರೆ ಅದರಡಿಯಲ್ಲಿ ಒಂದೊಂದು ಕೇಸರ ಸಿಗುತ್ತದೆ. ಎಲೆಗಳು ಕತ್ತಿಯಂತೆ ಚಪ್ಪಟೆಯಾಗಿ, ಬೀಸಣಿಗೆಯಂತೆ ಒಂದೇ ಸಮತಲದಲ್ಲಿ ಒಂದರೊಳಗೊಂದು ಸೇರಿಕೊಂಡಿರುವುದು ಹೂ ಇಲ್ಲದಾಗಿನ ಗುರುತು.

ಮುಂದಿನ ವಿಂಗಡಣೆಗೆ ಬಾಗಿದ ಎಸಳಿನ ನಡುಗೆರೆಯನ್ನು ನೋಡಬೇಕು. ಅಲ್ಲಿ ರೋಮಗಳ ಸಾಲು, ಎಂದರೆ ‘ಗಡ್ಡ’ ಇದ್ದರೆ ಎತ್ತರದ ಹುಲ್ಲುಗಾವಲುಗಳ ಐರಿಸ್ ಕುಮಾವುನೆನ್ಸಿಸ್ ಅಥವಾ ಹುಕೇರಿಯಾನಾಗಳ ಗುಂಪು. ರೋಮಗಳ ಬದಲು ಕೋಳಿಜುಟ್ಟಿನಂಥ ಏಣು ಇದ್ದರೆ ಐರಿಸ್ ಮಿಲೇಸಿಯಂಥವು. ಎರಡೂ ಇಲ್ಲದೆ ನುಣುಪಾಗಿದ್ದರೆ ಪೂರ್ವ ಹಿಮಾಲಯದ ಜೌಗಿನಲ್ಲಿ ಬೆಳೆಯುವ ಐರಿಸ್ ಕ್ಲಾರ್ಕಿಯ ಗುಂಪು. ಕಾಶ್ಮೀರದ ಗೋರಿಗಳ ಮೇಲೆ ಸಾಲಾಗಿ ಕಾಣುವ ಬಿಳಿ, ನೇರಳೆ ಐರಿಸ್‌ಗಳನ್ನು ಕಾಡಿನವೆಂದು ಎಣಿಸಬಾರದು. ಅವು ಅಲ್ಲಿಯ ಜನರು ತಲೆತಲಾಂತರದಿಂದ ನೆಡುತ್ತ ಬಂದವು.

ಪಾಂಪೋರಿನ ಕೇಸರಿಯೂ ಐರಿಸ್ ಕುಟುಂಬದ್ದೇ. ಕನ್ನಡದಲ್ಲಿ ಇಲ್ಲೊಂದು ತಮಾಷೆಯಿದೆ. ಹೂವಿನ ಗಂಡುಭಾಗಕ್ಕೆ ನಾವು ಕೇಸರವೆನ್ನುತ್ತೇವೆ. ಅಂಗಡಿಯಲ್ಲಿ ಕೊಳ್ಳುವ ಕೇಸರಿ ಮಾತ್ರ ಕೇಸರವಲ್ಲ, ಹೆಣ್ಣುಭಾಗವಾದ ಶಲಾಕೆಯ ಮೂರು ಕೆಂಪು ಕವಲುಗಳು. ಕೇಸರಿ ಗಿಡ ಅರಳುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಅದೇ ಕಣಿವೆಯಲ್ಲಿ ಹಿಮ ಕರಗುವ ಹೊತ್ತಿಗೆ ನೆಲಮಟ್ಟದಲ್ಲಿ ಅರಳುವ ಹಳದಿ ಕಾಲ್ಚಿಕಮ್ ಲೂಟಿಯಮ್ ಆಕಾರದಲ್ಲಿ ಕೇಸರಿಯ ತಂಗಿಯಂತೆಯೇ ಇದೆ. ಒಳಗೆ ಎಣಿಸಿದರೆ ಮೂರಲ್ಲ, ಆರು ಕೇಸರಗಳು. ಅದು ಅಗ್ನಿಶಿಖೆಯ ಕುಟುಂಬದ್ದು. ಕಾಲ್ಚಿಸಿನ್ ವಿಷಕ್ಕೆ ಹೆಸರು ಬಂದದ್ದೇ ಈ ಕುಲದಿಂದ.

ನಿಜವಾದ ಲಿಲ್ಲಿ ಎಲ್ಲಿದೆ?

ಲಿಲಿಯಮ್ ಕುಲದ ಅಸಲಿ ಲಿಲ್ಲಿ ದಕ್ಷಿಣ ಭಾರತದಲ್ಲಿ ಇರುವುದು ನೀಲಗಿರಿ, ಪಳನಿ ಬೆಟ್ಟಗಳ ಎತ್ತರದಲ್ಲಿ. ಎಲೆಗಳಿಂದ ತುಂಬಿದ ನೆಟ್ಟನೆಯ ಕಾಂಡ, ತುದಿಯಲ್ಲಿ ಗೇಣುದ್ದದ ಬಿಳಿ ಕಹಳೆಗಳು, ಒಳಗೆ ಆರು ಕೇಸರ, ಎಳೆಯ ತುದಿಯಲ್ಲಿ ಅಡ್ಡಡ್ಡ ತೂಗುವ ಪರಾಗದ ಚೀಲಗಳು. ಲಿಲ್ಲಿಯ ಗೆಡ್ಡೆಗೆ ಈರುಳ್ಳಿಯಂತೆ ಕಾಗದದ ಹೊದಿಕೆ ಇರುವುದಿಲ್ಲ. ದಪ್ಪ ಪೊರೆಗಳು ಬಿಡಿಬಿಡಿಯಾಗಿ ಜೋಡಿಸಿದಂತಿರುತ್ತವೆ. ದೇಶದ ಇನ್ನೊಂದು ಹೆಸರಾಂತ ಲಿಲ್ಲಿ ಮಣಿಪುರದ ಉಖ್ರುಲ್ ಬಳಿಯ ಶಿರೂಯಿ ಬೆಟ್ಟದ್ದು. ತಿಳಿಗುಲಾಬಿ ಗಂಟೆಗಳಂತೆ ತೂಗುವ ಈ ಹೂವನ್ನು 1946ರಲ್ಲಿ ಸಂಗ್ರಹಿಸಿದ ಫ್ರಾಂಕ್ ಕಿಂಗ್ಡನ್-ವಾರ್ಡ್ ಅದಕ್ಕೆ ಪತ್ನಿ ಜೀನ್ ಮ್ಯಾಕ್ಲಿನ್‌ರ ಹೆಸರಿಟ್ಟ. ಅದು ಮಣಿಪುರದ ರಾಜ್ಯಪುಷ್ಪ.

ಇವುಗಳನ್ನು ಹುಡುಕಿ ಹೊರಟವರು ಗೆಡ್ಡೆ ಕಿತ್ತು ಮನೆಗೆ ತರುವ ಆಸೆಯನ್ನು ಬಿಡಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ವರ್ಷದ ಬಹುಕಾಲ ಗೆಡ್ಡೆಯಾಗಿಯೇ ಬದುಕುವ ಗಿಡಕ್ಕೆ ಗೆಡ್ಡೆ ಹೋದರೆ ಉಳಿಯುವುದೇನೂ ಇಲ್ಲ. ಗುರುತಿಗೆ ನಾಲ್ಕು ಛಾಯಾಚಿತ್ರಗಳು ಸಾಕು: ಹೂವಿನ ಒಳಗನ್ನು ಎದುರಿನಿಂದ, ಅಂಡಾಶಯ ಕಾಣುವಂತೆ ಪಕ್ಕದಿಂದ, ಎಲೆ ಬುಡದಲ್ಲಿವೆಯೋ ಕಾಂಡದಲ್ಲಿವೆಯೋ ತಿಳಿಯುವಂತೆ ಇಡೀ ಗಿಡವನ್ನು, ಕೊನೆಗೆ ಅದು ನಿಂತ ನೆಲವನ್ನು. ಹೂವನ್ನು ಮೇಲಿನಿಂದ ಮಾತ್ರ ತೆಗೆದ ಚಿತ್ರದಿಂದ ತಜ್ಞರೂ ಖಚಿತವಾಗಿ ಹೇಳಲಾರರು. ಮೊಬೈಲ್ ತಂತ್ರಾಂಶಗಳಂತೂ ಅಂಥ ಚಿತ್ರಕ್ಕೆ ತೋಟದ ಗಿಡದ ಹೆಸರನ್ನೇ ಹೇಳಿಬಿಡುವುದುಂಟು. ಗಿಡ ತಿನ್ನಬಹುದೇ ಎಂಬ ಪ್ರಶ್ನೆಗೆ ಅವುಗಳ ಉತ್ತರವನ್ನು ಯಾವ ಕಾರಣಕ್ಕೂ ನೆಚ್ಚಬಾರದು.